ತಾತ ಉಯಿಲು ಬರೆದಿಲ್ಲ, ಮಾವಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಅಮ್ಮನ ಸಹಿ ಕೇಳುತ್ತಿದ್ದಾರೆ. ಮೊದಲು ಏನು ಮಾಡಬೇಕು?

ತುಂಬೆಹೂ ಕೇಳಿದ್ದು:

ನಮಸ್ಕಾರ. ಅಮ್ಮನ ಪರವಾಗಿ ಕೇಳುತ್ತಿದ್ದೇನೆ. ತಾರೀಖುಗಳು ಮುಖ್ಯ ಅಂತ ಗೊತ್ತು, ಅದಕ್ಕೆ ಅವನ್ನೇ ಮೊದಲು ಕೊಡುತ್ತೇನೆ.

ಅಮ್ಮನ ತಂದೆ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಉಯಿಲು ಇಲ್ಲ. ಅಜ್ಜಿ ಇದ್ದಾರೆ. ಮಕ್ಕಳು ನಾಲ್ವರು. ಅಮ್ಮ ದೊಡ್ಡವರು, ಮದುವೆಯಾದದ್ದು 1992ರಲ್ಲಿ. ಆಮೇಲೆ ಇಬ್ಬರು ಸೋದರಮಾವಂದಿರು. ಕಡೆಯವರು ಚಿಕ್ಕಮ್ಮ. ಅವರು 2021ರಲ್ಲಿ, ತಾತನಿಗಿಂತ ಮೊದಲೇ ಹೋಗಿಬಿಟ್ಟರು. ಚಿಕ್ಕಪ್ಪ ಇದ್ದಾರೆ, ಮಕ್ಕಳಿಗೆ 16 ಮತ್ತು 12 ವರ್ಷ.

ಆಸ್ತಿ ಮೂರು ಬಗೆಯದು. ತಾತ 1991ರಲ್ಲಿ ಸಂಬಳದ ದುಡ್ಡಿನಲ್ಲಿ ಕೊಂಡು ಕಟ್ಟಿಸಿದ 30x40 ಸೈಟಿನ ಮನೆ. ಊರಲ್ಲಿ 3 ಎಕರೆ 20 ಗುಂಟೆ ಜಮೀನು. ಇದನ್ನು ಮುತ್ತಾತ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ಅವರು 1974ರಲ್ಲಿ ಉಯಿಲಿಲ್ಲದೆ ತೀರಿಕೊಂಡ ಮೇಲೆ 1988ರಲ್ಲಿ ತಾತ ಮತ್ತು ಅವರ ತಮ್ಮ ನೋಂದಣಿಯಾದ ವಿಭಾಗ ಪತ್ರ ಮಾಡಿಕೊಂಡಾಗ ತಾತನ ಪಾಲಿಗೆ ಬಂತು. ಮೂರನೆಯದು ಬ್ಯಾಂಕಿನಲ್ಲಿ ₹8 ಲಕ್ಷದ ಠೇವಣಿ, ನಾಮಿನಿ ದೊಡ್ಡ ಮಾವ.

ಈಗ ಮಾವಂದಿರು ಪೌತಿ ಖಾತೆಗೆ (ಮೃತರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಟ್ಟಿದ್ದಾರೆ. ಜೊತೆಗಿಟ್ಟ ವಂಶವೃಕ್ಷದಲ್ಲಿ ಅಜ್ಜಿ ಮತ್ತು ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ ಇದೆಯಂತೆ. ಖಾತೆ ಇನ್ನೂ ಆಗಿಲ್ಲ, ನೋಟಿಸ್ ಹಂತದಲ್ಲಿದೆ. ಅಮ್ಮನಿಗೆ ಹಕ್ಕು ಬಿಡುಗಡೆ ಪತ್ರದ ಕರಡು ಕಳಿಸಿ, ಬರುವ ವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕು ಅಂದಿದ್ದಾರೆ. ಅವರು ಹೇಳುವುದು: 1994ಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ, ಮದುವೆಯಲ್ಲಿ ಚಿನ್ನ, ಖರ್ಚು ಎಲ್ಲ ಆಗಿದೆ, 1992ರಲ್ಲೇ ಅಮ್ಮ ಛಾಪಾ ಕಾಗದದ ಮೇಲೆ "ನನಗೆ ಪಾಲು ಬೇಡ" ಎಂದು ಸಹಿ ಮಾಡಿದ್ದಾರೆ, ಠೇವಣಿ ನಾಮಿನಿಗೆ ಸೇರಿದ್ದು.

ಅಮ್ಮನಿಗೆ ತವರಿನ ಸಂಬಂಧ ಕಡಿದುಕೊಳ್ಳಲು ಇಷ್ಟವಿಲ್ಲ. ಆದರೆ ತನಗೆ ಏನಿದೆ ಎಂದು ಗೊತ್ತಿಲ್ಲದೆ ಸಹಿ ಹಾಕಲೂ ಮನಸ್ಸಿಲ್ಲ. ಬಲ್ಲವರು ತಿಳಿಸಿ.

---

ಹಳೇಕಡತ:

ಮೊದಲು ಪಾಲಿನ ಲೆಕ್ಕ. ನೀವು ಕೊಟ್ಟ ವಿವರದ ಪ್ರಕಾರ ಅದು ಸರಳವಾಗಿಯೇ ಇದೆ.

ಮನೆ ತಾತನ ಸ್ವಯಾರ್ಜಿತ. ಜಮೀನನ್ನು ಎಲ್ಲರೂ "ಪಿತ್ರಾರ್ಜಿತ" ಅನ್ನುತ್ತಾರೆ, ಆದರೆ ಹಿರಿಯರಿಂದ ಬಂದದ್ದೆಲ್ಲ ಕಾನೂನಿನ ಅರ್ಥದಲ್ಲಿ ಪಿತ್ರಾರ್ಜಿತ ಆಗುವುದಿಲ್ಲ. ಮುತ್ತಾತ ಸ್ವಂತಕ್ಕೆ ಕೊಂಡ ಜಮೀನು, ಅವರು ತೀರಿಕೊಂಡದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರ. ಹಾಗಾಗಿ ಅದು ಆ ಕಾಯ್ದೆಯ 8ನೇ ಕಲಮಿನಡಿ ನಿಮ್ಮ ತಾತನಿಗೆ ಬಂದಿದೆ. ಹೀಗೆ ಬಂದದ್ದು ಮಗನ ಕೈಯಲ್ಲಿ ಅವನ ಪ್ರತ್ಯೇಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1986ರ ಚಂದರ್ ಸೇನ್ ಪ್ರಕರಣದಿಂದಲೂ ಹೇಳುತ್ತಾ ಬಂದಿದೆ. ಅದೇ ಜಮೀನು ಮುತ್ತಾತನ ಕಾಲಕ್ಕೇ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದಿದ್ದರೆ ಕಥೆ ಬೇರೆ. ಆದ್ದರಿಂದ ಮುತ್ತಾತನ ಕ್ರಯಪತ್ರ ಮತ್ತು 1988ರ ವಿಭಾಗ ಪತ್ರದ ದೃಢೀಕೃತ ನಕಲು ತರಿಸಿ ಓದಿ. ವಿಭಾಗ ಪತ್ರದ ಪೀಠಿಕೆಯಲ್ಲಿ "ನಮ್ಮ ತಂದೆಯವರ ಸ್ವಯಾರ್ಜಿತ" ಎಂದಿದೆಯೋ "ನಮ್ಮ ಪಿತ್ರಾರ್ಜಿತ ಅವಿಭಕ್ತ ಕುಟುಂಬದ" ಎಂದಿದೆಯೋ ನೋಡಿ. ಮುಂದೆ ವಾದ ಬೆಳೆಯುವುದು ಆ ಒಂದು ಸಾಲಿನ ಮೇಲೆ.

ಯಾವುದೇ ಆದರೂ ಮಗ–ಮಗಳ ನಡುವೆ ವ್ಯತ್ಯಾಸವಿಲ್ಲ. ಪ್ರತ್ಯೇಕ ಆಸ್ತಿ ಎಂದಾದರೆ 8 ಮತ್ತು 10ನೇ ಕಲಮಿನಂತೆ ಹೆಂಡತಿಗೆ ಒಂದು ಪಾಲು, ಬದುಕಿರುವ ಪ್ರತಿ ಮಗ–ಮಗಳಿಗೆ ಒಂದೊಂದು, ಮೊದಲೇ ತೀರಿಕೊಂಡ ಮಗಳ ಮಕ್ಕಳಿಗೆ ಸೇರಿ ಒಂದು. ಅಂದರೆ ಐದು ಸಮಪಾಲು: ಅಜ್ಜಿ, ನಿಮ್ಮ ತಾಯಿ, ಇಬ್ಬರು ಮಾವಂದಿರು, ಚಿಕ್ಕಮ್ಮನ ಮಕ್ಕಳಿಬ್ಬರು ಸೇರಿ ಒಂದು. 3 ಎಕರೆ 20 ಗುಂಟೆ ಎಂದರೆ 140 ಗುಂಟೆ. ಪಾಲಿಗೆ 28 ಗುಂಟೆ. ಠೇವಣಿಯಲ್ಲಿ ಅಸಲೇ ₹1.6 ಲಕ್ಷ. ಮನೆಯಲ್ಲಿ ಐದನೇ ಒಂದು. ಜಮೀನು ನಿಜವಾಗಿ ಪಿತ್ರಾರ್ಜಿತವೇ ಆಗಿದ್ದರೆ ಬದಲಾಗಬಹುದಾದದ್ದು ಅಜ್ಜಿಯ ಪಾಲಿನ ಲೆಕ್ಕ. ನಿಮ್ಮ ತಾಯಿಯ ಪಾಲು ಆಗಲೂ ತಮ್ಮಂದಿರ ಪಾಲಿಗೆ ಸಮ.

ಚಿಕ್ಕಮ್ಮ ತಾತನಿಗಿಂತ ಮೊದಲು ಹೋದದ್ದರಿಂದ ಅವರ ಪಾಲು ಮಕ್ಕಳಿಗೆ ನೇರ ಬರುತ್ತದೆ, ಚಿಕ್ಕಪ್ಪನಿಗೆ ಅದರಲ್ಲಿ ಭಾಗವಿಲ್ಲ. ತಾತ ಮೊದಲು ಹೋಗಿ ಚಿಕ್ಕಮ್ಮ ಆಮೇಲೆ ಹೋಗಿದ್ದರೆ 15ನೇ ಕಲಮಿನಂತೆ ಗಂಡನೂ ಮಕ್ಕಳ ಜೊತೆ ವಾರಸುದಾರನಾಗುತ್ತಿದ್ದರು. ಎರಡೂ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ.

ಇನ್ನು ಮಾವಂದಿರ ಮಾತುಗಳು.

1994ರ ಮಾತು ನಮ್ಮ ರಾಜ್ಯದಲ್ಲಿ ಇನ್ನೂ ಓಡಾಡುತ್ತಿರುವುದಕ್ಕೆ ಕಾರಣವಿದೆ. ಕರ್ನಾಟಕ ತಿದ್ದುಪಡಿ ಮಾಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಮಗಳಿಗೆ ಹುಟ್ಟಿನಿಂದಲೇ ಹಕ್ಕು, ತಂದೆ 2005ರಲ್ಲಿ ಬದುಕಿರಬೇಕೆಂಬ ಷರತ್ತೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ವಿಭಾಗ, ಪರಭಾರೆಗಳನ್ನು (ಮಾರಾಟ, ದಾನದಂಥ ವರ್ಗಾವಣೆ) ಮಾತ್ರ ಕಾಯ್ದೆ ಮುಟ್ಟುವುದಿಲ್ಲ. ಅದಕ್ಕಿಂತ ಮುಖ್ಯ: ಈ ಚರ್ಚೆ ಪಿತ್ರಾರ್ಜಿತಕ್ಕೆ ಸಂಬಂಧಿಸಿದ್ದು. ತಂದೆಯ ಸ್ವಂತ ಆಸ್ತಿಯಲ್ಲಿ, ಉಯಿಲಿಲ್ಲದಿದ್ದರೆ, ಮದುವೆಯಾದ ಮಗಳು 1956ರಿಂದಲೂ ವಾರಸುದಾರಳೇ.

ಮದುವೆಯ ಚಿನ್ನ, ಖರ್ಚನ್ನು ಪಾಲಿನಲ್ಲಿ ವಜಾ ಹಾಕುವ ಕಲಮು ಉತ್ತರಾಧಿಕಾರ ಕಾಯ್ದೆಯಲ್ಲಿ ಇಲ್ಲ.

1992ರ ಕಾಗದ: ಆಗ ತಾತ ಬದುಕಿದ್ದರು, ಆಸ್ತಿ ಅವರದ್ದು. ಮುಂದೊಂದು ದಿನ ಬರಬಹುದೆಂಬ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 6(ಎ) ಹೇಳುತ್ತದೆ. ಇಲ್ಲದ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದಿಲ್ಲ. ಆದರೂ ಆ ಕಾಗದದ ನಕಲು ಕೇಳಿ. ಅದರಲ್ಲಿ ಇಷ್ಟು ಹಣ ಪಡೆದು ಬಿಟ್ಟಿದ್ದೇನೆ ಎಂದು ಬರೆದಿದ್ದು, ನಿಜವಾಗಿ ಹಣ ಪಡೆದಿದ್ದರೆ, ಆ ಮಾತನ್ನು ನಂಬಿ ನಡೆದುಕೊಂಡಿದ್ದೇವೆ ಎಂದು ಎದುರಿನವರು ವಾದಿಸಲು ಜಾಗ ಸಿಗುತ್ತದೆ. ಅದನ್ನು ನೋಡದೆ "ಅದು ಬರೀ ಕಾಗದ" ಅಂದುಬಿಡಬೇಡಿ.

---

ಸರ್ವೆನಂಬರ್:

ಕಂದಾಯದ ಕೆಲಸ ಈ ವಾರವೇ ಆಗಬೇಕು, ಅದಕ್ಕೆ ಬೇರೆ ಬರೆಯುತ್ತಿದ್ದೇನೆ.

ಪೌತಿ ಖಾತೆ ನೋಟಿಸ್ ಹಂತದಲ್ಲಿರುವುದು ನಿಮಗೆ ಅನುಕೂಲ. ನೋಟಿಸ್‌ನಲ್ಲಿ ಕೊಟ್ಟ ಗಡುವಿನೊಳಗೆ ತಹಶೀಲ್ದಾರರಿಗೆ ಲಿಖಿತ ತಕರಾರು ಅರ್ಜಿ ಕೊಡಿ. ಗ್ರಾಮ ಆಡಳಿತ ಅಧಿಕಾರಿಗೆ ಬಾಯಲ್ಲಿ ಹೇಳಿ ಬಂದರೆ ಅದು ಕಡತಕ್ಕೆ ಸೇರುವುದಿಲ್ಲ. ಅರ್ಜಿ ಒಂದು ಪುಟ ಸಾಕು: ಗ್ರಾಮ, ಹೋಬಳಿ, ಸರ್ವೆ ನಂಬರ್ ಮತ್ತು ಹಿಸ್ಸಾ, ವಿಸ್ತೀರ್ಣ, ಎಂಆರ್ (ಮ್ಯುಟೇಷನ್ ರಿಜಿಸ್ಟರ್) ನಂಬರ್ ಗೊತ್ತಿದ್ದರೆ ಅದು, ಮೃತರ ಹೆಸರು ಮತ್ತು ಮರಣದ ದಿನಾಂಕ, ಅರ್ಜಿದಾರರಿಗೂ ಮೃತರಿಗೂ ಇರುವ ಸಂಬಂಧ, ವಂಶವೃಕ್ಷದಲ್ಲಿ ಯಾರ್ಯಾರನ್ನು ಕೈಬಿಟ್ಟಿದ್ದಾರೆ ಎಂಬುದು. ಕೊನೆಗೆ ಕೋರಿಕೆ: "ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಬೇಕು, ತಕರಾರು ಇತ್ಯರ್ಥವಾಗುವವರೆಗೆ ಬೇರಾವ ಬದಲಾವಣೆಯೂ ಬೇಡ." ತಂದೆಯ ಹೆಸರಿರುವ ಅಮ್ಮನ ಶಾಲಾ ವರ್ಗಾವಣೆ ಪತ್ರ ಅಥವಾ ಅಂಕಪಟ್ಟಿ, ಹಳೆಯ ಪಡಿತರ ಚೀಟಿ ಇದ್ದರೆ ಅದು, ತಾತನ ಮತ್ತು ಚಿಕ್ಕಮ್ಮನ ಮರಣ ಪ್ರಮಾಣಪತ್ರ ಲಗತ್ತಿಸಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ. ಕೊಡಲು ತಕರಾರು ಮಾಡಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ.

ಲಿಖಿತ ತಕರಾರು ಬಂದ ಮೇಲೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 129ನೇ ಕಲಮಿನಂತೆ ಅದನ್ನು ವಿವಾದಿತ ಪ್ರಕರಣಗಳ ವಹಿಯಲ್ಲಿ ದಾಖಲಿಸಿ, ವಿಚಾರಣೆ ಮಾಡಿಯೇ ಆದೇಶ ಕೊಡಬೇಕು. ಆದೇಶ ವಿರುದ್ಧ ಬಂದರೆ 136(2)ರಡಿ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಈ 60 ದಿನ ಎಷ್ಟೋ ಕುಟುಂಬಗಳಲ್ಲಿ ಮಾತುಕತೆಯಲ್ಲೇ ಕಳೆದುಹೋಗುತ್ತದೆ.

ಅದೇ ಹೊತ್ತಿಗೆ ಆ ವಂಶವೃಕ್ಷ ಮತ್ತು ಅದಕ್ಕೆ ಕೊಟ್ಟ ಪ್ರಮಾಣಪತ್ರದ ದೃಢೀಕೃತ ನಕಲಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. "ಇದೆಯಂತೆ" ಎಂಬುದರ ಮೇಲೆ ಯಾವ ವಾದವೂ ನಿಲ್ಲುವುದಿಲ್ಲ. ಬದುಕಿರುವ ಮಗಳ ಹೆಸರನ್ನು ಬಿಟ್ಟು "ಇವರ ಹೊರತು ಬೇರೆ ವಾರಸುದಾರರಿಲ್ಲ" ಎಂದು ಪ್ರಮಾಣ ಮಾಡಿದ ಕಾಗದ ಕೈಯಲ್ಲಿದ್ದರೆ ಮಾವಂದಿರ ವಕೀಲರೇ ಅವರಿಗೆ ಹೊಂದಿಕೊಂಡು ಹೋಗಿ ಎನ್ನುತ್ತಾರೆ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಸರಿಪಡಿಸಿಬಿಡಬೇಕು. ಪೌತಿ ಖಾತೆ ಮಾಡಿಸಲು ಪಾಲಾಗಿರಬೇಕಿಲ್ಲ, ಯಾರೂ ಬಿಡುಗಡೆ ಪತ್ರ ಕೊಡಬೇಕಿಲ್ಲ. ಐದೂ ಕವಲಿನ ಹೆಸರು ಪಹಣಿಯಲ್ಲಿ ಜಂಟಿಯಾಗಿ ಬರಬಹುದು. "ಖಾತೆ ಆಗಬೇಕೆಂದರೆ ನಿನ್ನ ಸಹಿ ಬೇಕು" ಎಂದು ಹೇಳಿದ್ದರೆ ಅದು ಸರಿಯಲ್ಲ. ಹಾಗೆಯೇ ಖಾತೆ, ಪಹಣಿ ಎಂಬುವು ಕಂದಾಯದ ಲೆಕ್ಕಕ್ಕೆ. ಒಡೆತನ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಹಾಗಿದ್ದರೂ ತಕರಾರು ಯಾಕೆ ಎಂದರೆ, ಪಹಣಿಯಲ್ಲಿ ಇಬ್ಬರದೇ ಹೆಸರು ಕೂತರೆ ಬ್ಯಾಂಕ್ ಸಾಲ ಕೊಡುತ್ತದೆ, ಕೊಳ್ಳುವವನು ಮುಂಗಡ ಕೊಡುತ್ತಾನೆ. ಮೂರನೆಯವನು ಒಳಗೆ ಬಂದ ಮೇಲೆ ಬಿಡಿಸುವುದು ಬಲು ಕಷ್ಟ.

ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮನೆಗೂ ಜಮೀನಿಗೂ ಬೇರೆ ಬೇರೆ ಋಣಭಾರ ಪ್ರಮಾಣಪತ್ರ ತೆಗೆಸಿ. 1988ರಿಂದ ಇಂದಿನವರೆಗೆ ಕೇಳಿ, ಕಳೆದ ಎರಡು ವರ್ಷಕ್ಕೆ ಮಾತ್ರ ಅಲ್ಲ. ನೋಂದಣಿಯಾಗಿರುವ ವ್ಯವಹಾರಗಳು ನಮೂನೆ 15ರಲ್ಲಿ ಬರುತ್ತವೆ, ಏನೂ ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಕರಾರು, ಉಯಿಲು ಇದರಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಮನೆಯ ಖಾತೆ ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಎಲ್ಲಿದೆಯೋ ಅಲ್ಲಿಗೂ ಇಂಥದೇ ತಕರಾರು ಅರ್ಜಿ ಕೊಡಿ. ಜಮೀನಿಗೆ ಕೊಟ್ಟದ್ದು ಮನೆಗೆ ತಾಕುವುದಿಲ್ಲ.

---

ಚಕ್ಕುಬಂದಿ:

ಬಿಡುಗಡೆ ಪತ್ರದ ಕರಡು ಕೈಯಲ್ಲಿದೆ ಅಂದಿರಿ. ಅದನ್ನು ಹಿಡಿದುಕೊಂಡು ಕೂತು ನಾಲ್ಕು ಜಾಗ ನೋಡಿ.

ಕೊನೆಯ ಪುಟದ ಷೆಡ್ಯೂಲಿನಿಂದ ಶುರುಮಾಡಿ. ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕು ಚಕ್ಕುಬಂದಿ (ದಿಕ್ಕಿನ ಗಡಿ) ಇರುತ್ತದೆ. ಅದರ ಕೆಳಗೋ ಪತ್ರದ ನಡುವಿನಲ್ಲೋ "ಹಾಗೂ ಮೃತರ ಇತರೆ ಎಲ್ಲ ಚರ ಮತ್ತು ಸ್ಥಿರ ಸ್ವತ್ತುಗಳಲ್ಲಿಯೂ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ" ಎಂಬ ಸಾಲು ಇದೆಯಾ ಹುಡುಕಿ. ಜಮೀನೊಂದಕ್ಕೇ ಸಹಿ ಎಂದು ನಂಬಿ ಹೋದವರು ಮನೆಯನ್ನೂ ಠೇವಣಿಯನ್ನೂ ಕಳೆದುಕೊಳ್ಳುವುದು ಈ ಒಂದು ಸಾಲಿನಲ್ಲಿ.

ಆಮೇಲೆ ಪ್ರತಿಫಲದ ಸಾಲು. "ಮದುವೆ ಕಾಲದಲ್ಲಿ ಚಿನ್ನಾಭರಣ ಪಡೆದಿದ್ದು, ಈ ದಿನ ಇಷ್ಟು ಲಕ್ಷ ರೂಪಾಯಿ ನಗದಾಗಿ ಪಡೆದಿರುತ್ತೇನೆ" ಎಂದಿದ್ದರೆ, ಕೊಡದ ಹಣಕ್ಕೂ ರಸೀದಿ ಬರೆದುಕೊಟ್ಟಂತೆ. ಹಣ ಕೊಡುವುದೇ ಆದರೆ ಡಿಡಿ ಅಥವಾ ಬ್ಯಾಂಕ್ ವರ್ಗಾವಣೆ, ಅದರ ನಂಬರ್ ಮತ್ತು ತಾರೀಖು ಪತ್ರದ ಒಳಗೇ ಬರಬೇಕು. ಚೆಕ್ ಆದರೆ ಹಣ ಖಾತೆಗೆ ಜಮೆಯಾದ ಮೇಲೆ ಸಹಿ. ಪ್ರೀತಿಯಿಂದ ಹಣವಿಲ್ಲದೆ ಬಿಟ್ಟುಕೊಡುವುದಾದರೆ ಹಾಗೆಂದೇ ಬರೆಯಲಿ.

ಮೂರನೆಯದು ಯಾರ ಪರವಾಗಿ ಬಿಡುತ್ತಿದ್ದಾರೆ ಎಂಬುದು. ಇಬ್ಬರು ಮಾವಂದಿರ ಪರವೇ, ಒಬ್ಬರದೇ, ಅಥವಾ ಅಜ್ಜಿಯೂ ಸೇರಿ ಉಳಿದವರೆಲ್ಲರದೇ? ಹೆಸರು ಹಾಕದಿದ್ದರೆ ನಾಳೆ ಅವರವರಲ್ಲೇ ಜಗಳ. ನಾಲ್ಕನೆಯದು ಪೀಠಿಕೆ. "ನಮ್ಮ ಕುಟುಂಬದಲ್ಲಿ ಈಗಾಗಲೇ ಬಾಯಿಮಾತಿನ ವಿಭಾಗವಾಗಿದ್ದು" ಎಂದು ಅದರಲ್ಲಿ ಸೇರಿಸಿದ್ದರೆ ಆಗದ ಪಾಲನ್ನು ಆಗಿದೆ ಎಂದು ನಿಮ್ಮ ತಾಯಿಯೇ ಒಪ್ಪಿಕೊಂಡಂತಾಗುತ್ತದೆ.

ನೋಂದಣಿಯಾದ ಬಿಡುಗಡೆ ಪತ್ರವನ್ನು ಮನಸ್ಸು ಬದಲಾಯಿತು ಎಂದು ಹಿಂಪಡೆಯಲು ಆಗುವುದಿಲ್ಲ. ಮೋಸ, ಬಲವಂತ, ಅನುಚಿತ ಪ್ರಭಾವವನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದೂ ವಿಷಯ ಗೊತ್ತಾದ 3 ವರ್ಷದೊಳಗೆ. ಸಬ್ ರಿಜಿಸ್ಟ್ರಾರ್ ಎದುರು ಫೋಟೊ, ಹೆಬ್ಬೆಟ್ಟು ತೆಗೆದಿರುತ್ತಾರೆ. "ಓದದೆ ಸಹಿ ಹಾಕಿದೆ" ಎಂಬ ಮಾತಿಗೆ ಅಲ್ಲಿ ತೂಕ ಕಡಿಮೆ. ಹಾಗಾಗಿ ಬರುವ ವಾರ ಬೇಡ. "ಕರಡನ್ನು ನಮ್ಮ ವಕೀಲರಿಗೆ ತೋರಿಸಿ ಹೇಳುತ್ತೇನೆ" ಎನ್ನುವ ಒಂದು ಮಾತಿಗೆ ಯಾವ ತಮ್ಮನೂ ಮುನಿಸಿಕೊಳ್ಳಬೇಕಿಲ್ಲ. ಅಲ್ಲಿಯವರೆಗೆ ಖಾಲಿ ಛಾಪಾ ಕಾಗದ, ಖಾಲಿ ಬಿಳಿ ಹಾಳೆ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಯಾವುದಕ್ಕೂ ಸಹಿ ಇಲ್ಲ. ಆಧಾರ್ ನಕಲು ಕೊಡಲೇಬೇಕಾದರೆ ಆ ನಕಲಿನ ಮೇಲೆಯೇ ಅಡ್ಡವಾಗಿ ಯಾವ ಉದ್ದೇಶಕ್ಕೆ, ಯಾವ ತಾರೀಖು ಎಂದು ಬರೆದು ಕೊಡಿ.

---

ಬೇಲಿಸಾಲು:

ಇಷ್ಟೊಂದು ಗಾಬರಿ ಯಾಕೆ? ಪಾಲಿನ ದಾವೆಗೆ 12 ವರ್ಷ ಸಮಯ ಇದೆ. 2023ಕ್ಕೆ 12 ಕೂಡಿಸಿ. ನಿಧಾನವಾಗಿ ಮಾತಾಡಿ ಬಗೆಹರಿಸಿಕೊಳ್ಳಲಿ.

---

ಹಳೇಕಡತ:

ಮಾತಾಡಿ ಬಗೆಹರಿಯಲಿ ಎಂಬುದು ಸರಿ. ಆದರೆ 12ರ ಲೆಕ್ಕ ಸಾವಿನ ದಿನದಿಂದ ಅಲ್ಲ. ಅವಿಭಕ್ತ ಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟಿದ್ದಾರೆ ಎಂದು ತಿಳಿದ ದಿನದಿಂದ ಎನ್ನುತ್ತದೆ 1963ರ ಕಾಲಮಿತಿ ಕಾಯ್ದೆಯ 110ನೇ ವಿಧಿ. ಮತ್ತು 12 ವರ್ಷ ಎನ್ನುವುದನ್ನೇ ನೆಚ್ಚಿ ಕೂರುವಂತಿಲ್ಲ. ನಡುವೆ ತಾಯಿ ತಾನೇ ಸಹಿ ಹಾಕಿದ ಪತ್ರವೊಂದು ಹುಟ್ಟಿಕೊಂಡರೆ ಅದನ್ನು ರದ್ದು ಮಾಡಿಸಲು ಇರುವುದು 59ನೇ ವಿಧಿಯ 3 ವರ್ಷ. ಮೇಲ್ಮನವಿಗೆ 60 ದಿನ. ಠೇವಣಿಗೆ ಬ್ಯಾಂಕ್ ಕೊಡುವ ಸಮಯವಂತೂ ಇನ್ನೂ ಕಡಿಮೆ.

ಠೇವಣಿ ವಿಷಯ ಆಗ ಬಿಟ್ಟುಹೋಯಿತು. ಬ್ಯಾಂಕ್ ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯಿತು, ಅಷ್ಟೇ. ನಾಮಿನಿ ಆ ಹಣವನ್ನು ವಾರಸುದಾರರ ಪರವಾಗಿ ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ. ವಿಮೆಯ ನಾಮಿನಿ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ, ಬ್ಯಾಂಕ್ ಖಾತೆ ಬಗ್ಗೆ 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ವಿಮೆಗೆ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ನಿಯಮ ಬೇರೆ, ಠೇವಣಿಯೊಂದಿಗೆ ಬೆರೆಸಬೇಡಿ. ಬ್ಯಾಂಕಿಗೆ ಬರೀ ಪತ್ರ ಬರೆದರೆ ಅವರು ನಾಮಿನಿಗೆ ಕೊಡುವುದನ್ನು ನಿಲ್ಲಿಸಬೇಕಿಲ್ಲ, ಕೋರ್ಟಿನ ಆದೇಶ ಬೇಕು. ಕೊಟ್ಟಾಗಿದ್ದರೆ ಪಾಲಿನ ದಾವೆಯಲ್ಲಿ ಆ ₹8 ಲಕ್ಷವನ್ನೂ ಬಡ್ಡಿಯನ್ನೂ ಸೇರಿಸಿ ದೊಡ್ಡ ಮಾವನಿಂದ ಲೆಕ್ಕ ಕೇಳಬಹುದು.

---

ತುಂಬೆಹೂ:

ಎಲ್ಲರಿಗೂ ಕೃತಜ್ಞತೆ. ಕರಡು ನೋಡಿದೆ. "ಇತರೆ ಎಲ್ಲ ಚರ ಮತ್ತು ಸ್ಥಿರ" ಎಂಬ ಸಾಲು ಮೂರನೇ ಪುಟದಲ್ಲಿ ಇದೆ. ಹಣದ ಜಾಗ ಖಾಲಿ ಬಿಟ್ಟಿದ್ದಾರೆ. ತಕರಾರು ಅರ್ಜಿ ನಾಳೆಯೇ ಕೊಡುತ್ತೇವೆ.

ಇನ್ನೆರಡು ಪ್ರಶ್ನೆ. ಚಿಕ್ಕಪ್ಪ, ಮಕ್ಕಳ ಪರವಾಗಿ ತಾನು ಸಹಿ ಹಾಕುತ್ತೇನೆ ಎಂದು ಮಾವಂದಿರಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಇನ್ನೊಂದು, ಅಜ್ಜಿಯಿಂದಲೂ ಅವರ ಪಾಲಿಗೆ ದಾನಪತ್ರ ಬರೆಸಿಕೊಳ್ಳುವ ಮಾತಿದೆ. ಅಜ್ಜಿಗೆ 76 ವರ್ಷ, ಬೇರೆ ಆದಾಯವಿಲ್ಲ. ಅವರನ್ನು ನೆನೆಸಿಕೊಂಡೇ ಹೆಚ್ಚು ಸಂಕಟ.

---

ಚಕ್ಕುಬಂದಿ:

ಮಕ್ಕಳದ್ದು ಮೊದಲು. ತಂದೆ ಸ್ವಾಭಾವಿಕ ಪಾಲಕನೇ ಹೌದು, ಆದರೆ ಅಪ್ರಾಪ್ತರ ಸ್ಥಿರಾಸ್ತಿಯನ್ನು ಮಾರಲು, ದಾನ ಮಾಡಲು, ಬಿಟ್ಟುಕೊಡಲು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಂತೆ ಮುಂಚಿತವಾಗಿ ಕೋರ್ಟಿನ ಅನುಮತಿ ಬೇಕು. ಮಕ್ಕಳಿಗೆ ಅಗತ್ಯವೋ ಸ್ಪಷ್ಟ ಲಾಭವೋ ಇದೆ ಎಂದು ತೋರಿಸದೆ ಕೋರ್ಟ್ ಅನುಮತಿ ಕೊಡುವುದಿಲ್ಲ. ಪುಕ್ಕಟೆಯಾಗಿ ಮಾವಂದಿರಿಗೆ ಬಿಟ್ಟುಕೊಡುವುದರಲ್ಲಿ ಮಕ್ಕಳಿಗೆ ಯಾವ ಲಾಭ? ಅನುಮತಿಯಿಲ್ಲದೆ ಮಾಡಿದರೆ ಆ ಪತ್ರವನ್ನು ಮಕ್ಕಳು ರದ್ದು ಮಾಡಿಸಬಹುದು. 18 ತುಂಬಿದ ಮೇಲೆ 3 ವರ್ಷ ಸಮಯ. ಕಿರಿಯ ಮಗುವಿಗೆ ಈಗ 12 ಎಂದರೆ ಇನ್ನು 9 ವರ್ಷ ಮಾವಂದಿರ ಹಕ್ಕಿನ ಮೇಲೆ ಆ ತೂಗುಗತ್ತಿ ಇರುತ್ತದೆ. ಕಾಗದ ನೋಡಿ ಕೊಳ್ಳುವವನು, ಸಾಲ ಕೊಡುವ ಬ್ಯಾಂಕಿನ ವಕೀಲ ಇಬ್ಬರೂ ಇದನ್ನು ಕೇಳಿಯೇ ಕೇಳುತ್ತಾರೆ. ಮಾವಂದಿರಿಗೆ ಈ ಭಾಷೆಯಲ್ಲೇ ಹೇಳಿ, ಅವರ ಒಳ್ಳೆಯದಕ್ಕೂ ಇದೇ ಸರಿ.

ಅಜ್ಜಿಯ ಐದನೇ ಒಂದು ಪಾಲು ಅವರ ಸಂಪೂರ್ಣ ಸ್ವತ್ತು. ಯಾರಿಗೆ ಬೇಕಾದರೂ ಕೊಡಬಹುದು, ಕೊಡದೆಯೂ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ ಬದುಕಿರುವಾಗ ದಾನಪತ್ರ ಬೇಡವೇ ಬೇಡ, ಉಯಿಲು ಬರೆಯಲಿ. ಉಯಿಲು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಅವರೆದುರು ಸಹಿ ಹಾಕಿದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪಾಲು ಪಡೆಯುವವರೇ ಮುಂದೆ ನಿಂತು ಬರೆಸಿದರೆ, ಅಥವಾ ಸಾಕ್ಷಿ ಹಾಕಿದರೆ, ಮುಂದೆ ಅನುಮಾನಕ್ಕೆ ಕಾರಣವಾಗುತ್ತದೆ.

ದಾನಪತ್ರ ತಪ್ಪಿಸಲಾಗದಿದ್ದರೆ ಅದರೊಳಗೆ ಒಂದು ಷರತ್ತು ಇರಲೇಬೇಕು: "ದಾನ ಪಡೆದವರು ನನ್ನ ಜೀವಮಾನದುದ್ದಕ್ಕೂ ನನಗೆ ಊಟ, ವಸತಿ, ಔಷಧೋಪಚಾರ ಮತ್ತು ಅಗತ್ಯ ಆರೈಕೆ ನೀಡತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು." 2007ರ ಪಾಲಕರು ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನಡಿ ಆ ದಾನವನ್ನು ರದ್ದು ಮಾಡಿಸಲು ಇಂಥ ಷರತ್ತೇ ಆಧಾರ. "ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ" ಎಂದಷ್ಟೇ ಬರೆದ ದಾನಪತ್ರಗಳು ಷರತ್ತಿಲ್ಲ ಎಂಬ ಕಾರಣಕ್ಕೇ ಉಳಿದುಕೊಂಡದ್ದುಂಟು. ಮಕ್ಕಳು ನೋಡಿಕೊಳ್ಳದಿದ್ದರೆ ಅದೇ ಕಾಯ್ದೆಯಡಿ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ ₹10,000ದವರೆಗೆ ಪೋಷಣೆ, ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನವಾಗಬೇಕೆಂಬ ನಿಯಮ. ಅಜ್ಜಿ ತಾವೇ ಹೋಗಿ ಹೇಳಿಕೊಳ್ಳಬಹುದು.

---

ಸರ್ವೆನಂಬರ್:

ಒಪ್ಪಂದವಾದರೆ ಜಮೀನಿಗೆ ಒಂದು ಮಾತು. ಸರ್ವೆ ನಂಬರಿನ ಒಂದು ಭಾಗವನ್ನು ಬೇರೆ ಮಾಡುವ ವಿಭಾಗ ಪತ್ರಕ್ಕೆ 11ಇ ನಕ್ಷೆ (ಬೇರೆ ಮಾಡುವ ತುಂಡಿನ ಸರ್ವೆ ನಕ್ಷೆ) ಬೇಕು. ಮೊದಲು ಜಂಟಿ ಪೌತಿ, ಆಮೇಲೆ ನಕ್ಷೆಗೆ ಅರ್ಜಿ, ಅಳತೆ, ಆಮೇಲೆ ವಿಭಾಗ ಪತ್ರ. ಅಳತೆಗೆ ಬಂದ ದಿನ ಬಾವಿ, ಬೋರ್‌ವೆಲ್, ದಾರಿ ಯಾರ ತುಂಡಿಗೆ ಬೀಳುತ್ತದೆ ನೋಡಿಕೊಳ್ಳಿ. 28 ಗುಂಟೆ ಸಮವಾಗಿ ಸಿಕ್ಕರೂ ಹೋಗಿ ಬರಲು ದಾರಿಯಿಲ್ಲದಿದ್ದರೆ ಅದು ಸಮಪಾಲಲ್ಲ. ನೀರು ಮತ್ತು ದಾರಿಯ ಹಕ್ಕನ್ನು ಪತ್ರದಲ್ಲಿ ಬೇರೆ ಪ್ಯಾರಾ ಮಾಡಿ ಬರೆಸಿ. ಊರ ಹಿರಿಯರು ಕೂತು ಬಿಳಿ ಹಾಳೆಯಲ್ಲಿ ಬರೆಸುವ ಪಂಚಾಯಿತಿ ಪಾರೀಕತ್ತು (ಪಾಲಿನ ಕಾಗದ) ಸಾಲದು. ಅದರಿಂದಲೇ ಪಾಲಾಯಿತು ಎಂದಾದರೆ ಅದಕ್ಕೆ ನೋಂದಣಿ ಬೇಕು, ನೋಂದಣಿಯಾಗದ್ದನ್ನು ಪಾಲಿನ ಪುರಾವೆಯಾಗಿ ಕೋರ್ಟ್ ತೆಗೆದುಕೊಳ್ಳುವುದಿಲ್ಲ.

---

ಇಬ್ಬನಿ:

ಓದುತ್ತಿರುವ ಬೇರೆಯವರಿಗೆ: ಮೇಲಿನ ಲೆಕ್ಕ ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳದ್ದು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಗಂಡು–ಹೆಣ್ಣು ಭೇದವಿಲ್ಲದೆ ಸಮ. ಮುಸ್ಲಿಮರಲ್ಲಿ ಷರಿಯತ್ ಪ್ರಕಾರ ಮಗನೂ ಇದ್ದಾಗ ಮಗಳಿಗೆ ಮಗನ ಪಾಲಿನ ಅರ್ಧ.

---

ತುಂಬೆಹೂ:

ಕೊನೆಯ ಪ್ರಶ್ನೆ. ಮಾತುಕತೆ ಮುರಿದುಬಿದ್ದರೆ ಖರ್ಚು ಎಷ್ಟು, ದಾರಿ ಯಾವುದು? 30x40 ಮನೆಯನ್ನು ಐದು ಪಾಲು ಮಾಡುವುದಾದರೂ ಹೇಗೆ?

---

ಹಳೇಕಡತ:

ದಾವೆಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೋರ್ಟಿನ ಆವರಣದಲ್ಲೇ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ನಿಮ್ಮ ತಾಯಿ, ಅಜ್ಜಿ, ಚಿಕ್ಕಮ್ಮನ ಮಕ್ಕಳು ಮೂವರ ಕವಲಿಗೂ ಇದು ಅನ್ವಯಿಸುತ್ತದೆ. ಸಹಾಯವಾಣಿ 15100. ಅಲ್ಲಿಂದಲೇ ಮಾವಂದಿರಿಗೆ ನೋಟಿಸ್ ಕಳಿಸಿ ಕರೆಸಿ ಮಾತಾಡಿಸುತ್ತಾರೆ. ರಾಜಿಯಾಗಿ ಲೋಕ ಅದಾಲತ್‌ನಲ್ಲಿ ತೀರ್ಪಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ಹಾಗಾಗಿ ರಾಜಿ ಅರ್ಜಿಯನ್ನೂ ಬಿಡುಗಡೆ ಪತ್ರದಷ್ಟೇ ಎಚ್ಚರದಿಂದ ಓದಿ ಸಹಿ ಹಾಕಬೇಕು.

ದಾವೆಯೇ ಆದರೆ ಪಾಲು ಮತ್ತು ಪ್ರತ್ಯೇಕ ಸ್ವಾಧೀನಕ್ಕೆ. ಕರ್ನಾಟಕದಲ್ಲಿ ಜಂಟಿ ಸ್ವಾಧೀನದಲ್ಲಿ ಇದ್ದೇವೆ ಎಂದು ಹಾಕುವ ಪಾಲಿನ ದಾವೆಗೆ ರಾಜ್ಯದ ಕೋರ್ಟ್ ಶುಲ್ಕ ಕಾಯ್ದೆಯ 35(2)ನೇ ಕಲಮಿನಂತೆ ಕೋರ್ಟ್ ಶುಲ್ಕ ಗರಿಷ್ಠ ₹200. ಹೊರಗೆ ಹಾಕಿದ್ದಾರೆ ಎಂದು ಬರೆದರೆ 35(1)ರಂತೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಸಹಪಾಲುದಾರರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನ ಎಂಬುದು ಕಾನೂನಿನ ತತ್ವ. ತವರಿನಲ್ಲಿ ವಾಸವಿಲ್ಲ ಎಂಬ ಮಾತ್ರಕ್ಕೆ ನಿಮ್ಮ ತಾಯಿ ಹೊರಗಿನವರಲ್ಲ. ವಾದಪತ್ರದ ಒಂದು ಪ್ಯಾರಾ ಸಾವಿರಾರು ರೂಪಾಯಿ ಉಳಿಸುವುದು ಇಲ್ಲಿ. ಎಲ್ಲ ಆಸ್ತಿ ಸೇರಿಸಿ, ಎಲ್ಲ ಪಾಲುದಾರರನ್ನೂ ಪಕ್ಷಗಾರರನ್ನಾಗಿ ಮಾಡಿ. ಒಂದನ್ನು ಬಿಟ್ಟರೆ "ಭಾಗಶಃ ವಿಭಾಗ" ಎಂದು ದಾವೆಯೇ ಬೀಳಬಹುದು. ದಾವೆಯ ಜೊತೆಗೇ ಪರಭಾರೆ ಮಾಡದಂತೆ ತಡೆಯಾಜ್ಞೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಡಿ ಅರ್ಜಿ ಹಾಕಿ. ದಾವೆ ನಡೆಯುವಾಗ ಮಾರಿದರೂ ಕೊಂಡವನು ತೀರ್ಪಿಗೆ ಬದ್ಧ.

ಕೋರ್ಟ್ ಮೊದಲು ಪಾಲು ಎಷ್ಟೆಂದು ಪ್ರಾಥಮಿಕ ಡಿಕ್ರಿ ಕೊಡುತ್ತದೆ. ಅದರ ಮೇಲೆ ಜಮೀನು ಅಳೆದು ಹಂಚುವುದು ಕಂದಾಯ ಇಲಾಖೆ, ಮನೆಗೆ ಕೋರ್ಟ್ ಕಮಿಷನರ್. ಪ್ರಾಥಮಿಕ ಡಿಕ್ರಿ ಸಿಕ್ಕಿತೆಂದು ಮನೆಗೆ ಹೋಗಿ ಕೂತವರಿದ್ದಾರೆ; ಅಂತಿಮ ಡಿಕ್ರಿಯಾಗುವವರೆಗೆ ನೆಲ ಕೈಗೆ ಬರುವುದಿಲ್ಲ.

1200 ಚದರಡಿ ಸೈಟನ್ನು ಐದು ತುಂಡು ಮಾಡಲಾಗದು. ಅದಕ್ಕೇ 1893ರ ವಿಭಾಗ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರು ಸೇರಿ ಕೇಳಿದರೆ ಕೋರ್ಟ್ ಮಾರಿ ಹಣ ಹಂಚುವ ಆದೇಶ ಕೊಡಬಹುದು. ಅಜ್ಜಿ, ನಿಮ್ಮ ತಾಯಿ, ಚಿಕ್ಕಮ್ಮನ ಮಕ್ಕಳು ಸೇರಿದರೆ ಐದರಲ್ಲಿ ಮೂರು. ಹಾಗೆ ಕೇಳಿದಾಗ ಮಾವಂದಿರು ಆ ಪಾಲುಗಳನ್ನು ಕೋರ್ಟ್ ಕಟ್ಟಿಸಿದ ಬೆಲೆಗೆ ತಾವೇ ಕೊಳ್ಳುತ್ತೇವೆ ಎನ್ನಬಹುದು, ಮನೆ ಹೊರಗಿನವರಿಗೆ ಹೋಗುವುದಿಲ್ಲ. ಇದನ್ನೇ ಕೋರ್ಟಿಗೆ ಹೋಗದೆಯೂ ಮಾಡಬಹುದು: ಒಬ್ಬ ನೋಂದಾಯಿತ ಮೌಲ್ಯಮಾಪಕರಿಂದ ಮನೆಗೆ ಬೆಲೆ ಕಟ್ಟಿಸಿ, ಐದರಿಂದ ಭಾಗಿಸಿ, ಅಮ್ಮನ ಪಾಲಿನ ಡಿಡಿ ಬಂದ ದಿನ, ಮನೆ ಒಂದಕ್ಕೇ ಸೀಮಿತವಾದ, ಆ ಮೂರನೇ ಪುಟದ ಸಾಲು ತೆಗೆದ ಬಿಡುಗಡೆ ಪತ್ರಕ್ಕೆ ಸಹಿ. ಅಜ್ಜಿ ಅದೇ ಮನೆಯಲ್ಲಿ ಜೀವನಪೂರ್ತಿ ವಾಸಿಸುವ ಹಕ್ಕನ್ನು ಅದೇ ಪತ್ರದಲ್ಲಿ ಬರೆಸಿ. ಮಾವಂದಿರ ಮುಂದೆ ಮೊದಲು ಇಡಬೇಕಾದ ಪ್ರಸ್ತಾಪ ಇದು.